ಹತ್ತೂವರೆಗೆ ಓಡುವ ಬ್ಲೇಡು: ಒಂದು ಸಾಮಿಲ್ಲಿನ ಪ್ರಕರಣ

ಮಲೆನಾಡಿನ ಒಂದು ಸಾಮಿಲ್ಲು. ನಿಲುವಿನ ಬ್ಯಾಂಡ್‌ಸಾ, ಮೇಲೊಂದು ಕೆಳಗೊಂದು 36 ಇಂಚಿನ ಚಕ್ರ, ಅವೆರಡರ ಸುತ್ತ ಬೆಲ್ಟಿನಂತೆ ಸುತ್ತುವ ಹಲ್ಲಿನ ಬ್ಲೇಡು, 20 ಎಚ್‌ಪಿ ಮೋಟಾರು, ಕೈಯಲ್ಲಿ ತಳ್ಳುವ ಟ್ರಾಲಿ. ಬ್ಲೇಡಿನ ಸುತ್ತಳತೆ 20 ಅಡಿ, ಅಗಲ 4 ಇಂಚು, ದಪ್ಪ 20 ಗೇಜು, ಅಂದರೆ 0.89 ಮಿ.ಮೀ. ಹಲ್ಲಿಂದ ಹಲ್ಲಿಗೆ 32 ಮಿ.ಮೀ., ಹಲ್ಲುಗಳ ನಡುವಿನ ಕುಳಿಯ ಆಳ 10 ಮಿ.ಮೀ. ಕೆಳಚಕ್ರ ನಿಮಿಷಕ್ಕೆ 600 ಸುತ್ತು ತಿರುಗುತ್ತದೆ, ಹಾಗಾಗಿ ಬ್ಲೇಡು ಸೆಕೆಂಡಿಗೆ ಸುಮಾರು 28.7 ಮೀಟರ್ ಓಡುತ್ತದೆ.

ಕಾಫಿ ತೋಟದಿಂದ ಬರುವ ಸಿಲ್ವರ್ ಓಕ್ ಕೊಯ್ಯುವಾಗ ಈ ಯಂತ್ರದಲ್ಲಿ ದೂರು ಇರಲಿಲ್ಲ. ಆ ದಿಮ್ಮಿಗಳು 10 ಇಂಚು ದಾಟುವುದು ಅಪರೂಪ. ಮನೆಯ ಬಾಗಿಲು, ಅಟ್ಟದ ಹಲಗೆಗೆಂದು ಹಲಸಿನ ದಪ್ಪ ದಿಮ್ಮಿಗಳು ಬರತೊಡಗಿದ ಮೇಲೆ ಕಥೆ ಬದಲಾಯಿತು. ಬೆಳಿಗ್ಗೆ ಸಾಣೆ ಹಿಡಿದು ಏರಿಸಿದ ಬ್ಲೇಡು ಮೊದಲ ನಾಲ್ಕೈದು ಹಲಗೆಯನ್ನು ನೇರವಾಗಿ ಇಳಿಸುತ್ತದೆ. ಇಪ್ಪತ್ತು, ಇಪ್ಪತ್ತೈದು ನಿಮಿಷ ಕಳೆದ ಮೇಲೆ ಓಡತೊಡಗುತ್ತದೆ. ಮಿಲ್ಲಿನವರ ಮಾತಲ್ಲಿ ಬ್ಲೇಡು ಓಡುವುದೆಂದರೆ ಕೊಯ್ತದ ಗೆರೆ ಬಿಟ್ಟು ಮಗ್ಗುಲಿಗೆ ಹೋಗುವುದು. 25 ಮಿ.ಮೀ. ಗುರಿಯಿಟ್ಟ ಎಂಟಡಿ ಹಲಗೆಯ ಎರಡು ತುದಿಗಳಲ್ಲಿ 25, 26 ಇದ್ದರೆ ನಡುವೆ 31. ಅದರ ಪಕ್ಕದ ಹಲಗೆಯ ನಡುವೆ 20. ಒಂದರ ಹೊಟ್ಟೆ ಇನ್ನೊಂದರ ಗುಂಡಿ. ಬಡಗಿ ಇಂಥ ಹಲಗೆಯನ್ನು ಹತ್ತರಿ ಹಾಕಿ ಒಪ್ಪ ಮಾಡುವ ಹೊತ್ತಿಗೆ ಮುಕ್ಕಾಲು ಇಂಚೂ ಉಳಿಯುವುದಿಲ್ಲ.

ಹೊತ್ತು ಏರಿದ ಮೇಲೆ, ದಪ್ಪ ದಿಮ್ಮಿಯಲ್ಲಿ, ಹಲಗೆಯ ನಡುಭಾಗದಲ್ಲಿ. ಈ ಮೂರು ವಿವರಗಳಲ್ಲೇ ರೋಗದ ಅರ್ಧ ಸುಳಿವಿತ್ತು. ಆದರೆ ಮಿಲ್ಲಿನಲ್ಲಿ ಮೊದಲು ಮಾಡಿದ್ದು ಬೇರೆ.

ರೋಗ ಹೆಚ್ಚಿಸಿದ ಮೂರು ಮದ್ದು

ಮೊದಲನೆಯದು ದಪ್ಪ ಬ್ಲೇಡು. ತೆಳ್ಳಗಿದೆ, ಬಾಗುತ್ತಿದೆ, ದಪ್ಪದ್ದು ಹಾಕಿದರೆ ಸೆಟೆದು ನಿಲ್ಲುತ್ತದೆ ಎಂಬ ಲೆಕ್ಕದಲ್ಲಿ 18 ಗೇಜಿನ, ಅಂದರೆ 1.24 ಮಿ.ಮೀ.ನ ಬ್ಲೇಡು ತಂದರು. ವಾರ ತುಂಬುವ ಮೊದಲೇ ಹಲ್ಲಿನ ಕುಳಿಗಳ ತಳದಲ್ಲಿ ಕೂದಲೆಳೆ ಬಿರುಕುಗಳು ಕಂಡವು. ಕಾರಣ ಚಕ್ರದ ಸುತ್ತ ಬಾಗುವಾಗ ಉಕ್ಕಿನ ಮೇಲೆ ಬೀಳುವ ಒತ್ತಡ. ಉಕ್ಕಿನ ಸ್ಥಿತಿಸ್ಥಾಪಕ ಅಂಕ ಚದರ ಮಿ.ಮೀ.ಗೆ ಸುಮಾರು 21,000 ಕೆ.ಜಿ. ಅದನ್ನು ಬ್ಲೇಡಿನ ದಪ್ಪದಿಂದ ಗುಣಿಸಿ ಚಕ್ರದ ವ್ಯಾಸದಿಂದ ಭಾಗಿಸಿದರೆ ಬಾಗುವ ಒತ್ತಡ ಸಿಗುತ್ತದೆ. 914 ಮಿ.ಮೀ. ಚಕ್ರದ ಮೇಲೆ 20 ಗೇಜಿಗೆ ಅದು ಚದರ ಮಿ.ಮೀ.ಗೆ 20.4 ಕೆ.ಜಿ., 18 ಗೇಜಿಗೆ 28.5. ಬ್ಲೇಡಿನ ಒಂದು ಸುತ್ತಿಗೆ ಎರಡು ಸಲದಂತೆ, ನಿಮಿಷಕ್ಕೆ ಐನೂರಕ್ಕೂ ಹೆಚ್ಚು ಸಲ ಪ್ರತಿ ಕುಳಿಯೂ ಈ ಎಳೆತ ತಿಂದು ಬಿಡುತ್ತದೆ. ಬ್ಲೇಡಿನ ದಪ್ಪ ಚಕ್ರದ ವ್ಯಾಸದ ಸಾವಿರದ ಒಂದು ಭಾಗ ಮೀರಬಾರದು ಎಂಬ ಹಳೆಯ ಕಟ್ಟಳೆ ಇದಕ್ಕೇ ಹುಟ್ಟಿದ್ದು. 36 ಇಂಚಿನ ಚಕ್ರಕ್ಕೆ 20 ಗೇಜೇ ಸರಿ.

ದಪ್ಪ ಬ್ಲೇಡು ನೇರವಾಗಿ ಕೊಯ್ದಿದ್ದರೆ ಬಿರುಕನ್ನಾದರೂ ಸಹಿಸಬಹುದಿತ್ತು. ಅದೂ ಆಗಲಿಲ್ಲ. ಬಿಗಿ ಮಾಡುವ ತೂಕ ಅಷ್ಟೇ ಇದ್ದು ಉಕ್ಕಿನ ಅಡ್ಡಕೊಯ್ತ ಹೆಚ್ಚಾದರೆ, ಚದರ ಮಿ.ಮೀ.ಗೆ ಸಿಗುವ ಬಿಗಿ ಇಳಿಯುತ್ತದೆ. ಆ ಲೆಕ್ಕ ಮುಂದೆ ಬರುತ್ತದೆ.

ಎರಡನೆಯದು ಮೇಲಿನ ಚಕ್ರವನ್ನು ಮುಂದಕ್ಕೆ ಬಾಗಿಸುವುದು. ಮರ ತಳ್ಳಿದಾಗ ಬ್ಲೇಡು ಹಿಂದಕ್ಕೆ ಸರಿಯುತ್ತಿತ್ತು. ಅದನ್ನು ಮುಂದೆ ತರಲು ಬಾಗಿಸುವ ತಿರುಪನ್ನು ತಿರುಗಿಸುತ್ತಾ ಹೋದರು. ಬ್ಲೇಡು ಮುಂದೆ ಬಂದದ್ದು ನಿಜ. ಆದರೆ ಕುಳಿಯ ತಳ ಚಕ್ರದ ಅಂಚು ದಾಟಿ 12 ಮಿ.ಮೀ. ಆಚೆ ನಿಂತಿತು. ಇರಬೇಕಾದ್ದು 3ರಿಂದ 5 ಮಿ.ಮೀ.

ಮೂರನೆಯದು ನಿಧಾನಕ್ಕೆ ತಳ್ಳುವುದು. ಇದು ಎಲ್ಲರಿಗೂ ಮೊದಲು ತೋಚುವ ಉಪಾಯ. ಬ್ಲೇಡಿಗೆ ಕಷ್ಟ ಆಗುತ್ತಿದೆ, ಮೆಲ್ಲಗೆ ತಳ್ಳಿದರೆ ಸುಧಾರಿಸಿಕೊಳ್ಳುತ್ತದೆ ಎನ್ನುವ ಕರುಣೆ. ಟ್ರಾಲಿಯ ವೇಗ ನಿಮಿಷಕ್ಕೆ 4 ಮೀಟರಿಗೆ ಇಳಿಯಿತು. ಈ ಬ್ಲೇಡಿನಲ್ಲಿ ಸೆಕೆಂಡಿಗೆ ಸುಮಾರು 900 ಹಲ್ಲು ಮರಕ್ಕೆ ಬೀಳುತ್ತವೆ. 4 ಮೀಟರ್ ವೇಗದಲ್ಲಿ ಪ್ರತಿ ಹಲ್ಲಿನ ಪಾಲಿಗೆ ಬರುವುದು 0.07 ಮಿ.ಮೀ. ಮರ. ಅಷ್ಟು ತೆಳುವಾಗಿ ಹಲ್ಲು ಕಚ್ಚುವುದಿಲ್ಲ, ತಿಕ್ಕುತ್ತದೆ. ಹೊಟ್ಟು ರವೆಯಂತೆ ಬೀಳುವ ಬದಲು ರಾಗಿಹಿಟ್ಟಿನಂತೆ ನುಣ್ಣಗಾಗುತ್ತದೆ. ಬ್ಲೇಡಿಗೂ ಮರಕ್ಕೂ ನಡುವೆ ಪ್ರತಿ ಮಗ್ಗುಲಿಗೆ 0.4 ಮಿ.ಮೀ.ನಷ್ಟು ಸಂದು ಇರುತ್ತದಲ್ಲ, ಈ ಹಿಟ್ಟು ಕುಳಿಯಲ್ಲಿ ನಿಲ್ಲದೆ ಆ ಸಂದಿಗೆ ಸೋರಿ, ಹಸಿ ಹಲಸಿನ ಮೇಣದೊಂದಿಗೆ ಸೇರಿ ಮೆತ್ತಿಕೊಳ್ಳುತ್ತದೆ. ಉಜ್ಜಾಟ, ಬಿಸಿ, ಒಂದೇ ಮಗ್ಗುಲಿಂದ ಒತ್ತಡ. ಹೀಗೆ ನಿಧಾನ ಮಾಡಿದಷ್ಟೂ ಬ್ಲೇಡು ಹೆಚ್ಚು ಓಡಿತು.

ಬ್ಲೇಡನ್ನು ನೇರವಾಗಿ ನಿಲ್ಲಿಸುವುದು ಯಾವುದು

ಬ್ಲೇಡು ನೆಟ್ಟಗೆ ನಿಲ್ಲುವುದು ಗೈಡು (ದಿಮ್ಮಿಯ ಮೇಲೂ ಕೆಳಗೂ ಬ್ಲೇಡಿನ ಪಕ್ಕ ನಿಲ್ಲುವ ಕಟ್ಟೆ) ಹಿಡಿದುಕೊಂಡದ್ದರಿಂದ ಎಂದು ಬಹಳ ಮಂದಿ ತಿಳಿದಿದ್ದಾರೆ. ದಪ್ಪದಿಂದ ಎಂದು ಇನ್ನು ಕೆಲವರು. ಒಂದು ಮಿಲಿಮೀಟರಿಗಿಂತ ತೆಳುವಾದ ತಗಡಿನ ಪಟ್ಟಿ ಒಂದೂವರೆ ಅಡಿ ಆಳದ ಹಲಸಿನೊಳಗೆ ಸೆಟೆದು ನಿಲ್ಲುವುದು ಎಳೆತದ ಬಲದಿಂದ, ಅದರಲ್ಲೂ ಹಲ್ಲಿನ ಅಂಚಿನ ಎಳೆತದಿಂದ. ಮರದ ಒತ್ತಡವೆಲ್ಲ ಬೀಳುವುದು ಆ ಅಂಚಿನ ಮೇಲೆ. ಅಂಚು ಬಿಗಿಯಾಗಿದ್ದರೆ ಹಿಂದಿನ ಅಗಲವೆಲ್ಲ ಅದಕ್ಕೆ ಬೆನ್ನು ಕೊಡುತ್ತದೆ. ಅಂಚು ಸಡಿಲವಾದರೆ, ಕೆಂಡದ ಮೇಲೆ ಹಪ್ಪಳದ ಅಂಚು ಏಳುವಂತೆ, ಅದು ಅತ್ತಿತ್ತ ಅಲೆ ಏಳುತ್ತದೆ. ಬೆನ್ನು ಎಷ್ಟೇ ಬಿಗಿ ಇದ್ದರೂ ಉಪಯೋಗವಿಲ್ಲ.

ಆದ್ದರಿಂದ ಈ ಮಿಲ್ಲಿನಲ್ಲಿ ಕೇಳಬೇಕಿದ್ದ ಪ್ರಶ್ನೆ ಒಂದೇ: ಹಲ್ಲಿನ ಅಂಚಿಗೆ ಬಿಗಿ ಎಷ್ಟು ಬರುತ್ತಿದೆ, ಅದರಲ್ಲಿ ಎಷ್ಟು ಸೋರಿಹೋಗುತ್ತಿದೆ? ಮನೆಯ ಖರ್ಚಿನ ಲೆಕ್ಕದ ಹಾಗೆ ಜಮೆ ಒಂದು ಕಡೆ, ವೆಚ್ಚ ಒಂದು ಕಡೆ ಬರೆದು ನೋಡಿದರು.

ಜಮೆ: ತೂಕದ ಸನ್ನೆ

ಮೇಲಿನ ಚಕ್ರವನ್ನು ಎತ್ತಿ ಬ್ಲೇಡನ್ನು ಬಿಗಿಮಾಡುವುದು ಹಿಂಬದಿಯ ಸನ್ನೆ, ಅದರ ತುದಿಯಲ್ಲಿ ತೂಗುವ ಎರಕದ ಕಲ್ಲುಗಳು. ಸನ್ನೆಯ ಅನುಪಾತವನ್ನು ಅಳೆದು ನೋಡಿದರೆ 30ಕ್ಕೆ 1. ಅಂದರೆ ತುದಿ 30 ಮಿ.ಮೀ. ಇಳಿದರೆ ಚಕ್ರ 1 ಮಿ.ಮೀ. ಏರುತ್ತದೆ. ತೂಗುತ್ತಿದ್ದದ್ದು 36 ಕೆ.ಜಿ. ಹಾಗಾದರೆ ಎತ್ತುವ ಬಲ 1,080 ಕೆ.ಜಿ. ಅದರಲ್ಲಿ ಚಕ್ರ, ಶಾಫ್ಟು, ಬೇರಿಂಗ್ ಪೆಟ್ಟಿಗೆಯ ಸ್ವಂತ ಭಾರ 180 ಕೆ.ಜಿ. ಕಳೆಯಬೇಕು. ಬ್ಲೇಡಿಗೆ ಉಳಿಯುವುದು 900. ಇದನ್ನು ಬ್ಲೇಡಿನ ಎರಡು ಕಾಲುಗಳು, ಅಂದರೆ ಚಕ್ರಗಳ ನಡುವೆ ಇಳಿಯುವ ಮತ್ತು ಏರುವ ಭಾಗಗಳು, ಹಂಚಿಕೊಳ್ಳುತ್ತವೆ, ಒಂದೊಂದಕ್ಕೆ 450.

ಬ್ಲೇಡಿನ ಅಗಲ 101 ಮಿ.ಮೀ. ಇದ್ದರೂ ಕುಳಿಗಳಿರುವ 10 ಮಿ.ಮೀ. ಎಳೆತ ಹೊರುವುದಿಲ್ಲ. ಉಳಿದ 91ನ್ನು 0.89ರಿಂದ ಗುಣಿಸಿದರೆ 81 ಚದರ ಮಿ.ಮೀ. 450ನ್ನು 81ರಿಂದ ಭಾಗಿಸಿದರೆ ಚದರ ಮಿ.ಮೀ.ಗೆ 5.5 ಕೆ.ಜಿ. ಬಿಗಿ. ಈ ಜಾತಿಯ ಬ್ಲೇಡಿಗೆ 10 ಕೆ.ಜಿ. ಹತ್ತಿರ ಇರುವುದು ಒಳ್ಳೆಯದು. ಅರ್ಧದಷ್ಟೇ ಇತ್ತು. 18 ಗೇಜಿನ ಬ್ಲೇಡಿನಲ್ಲಿ ಅಡ್ಡಕೊಯ್ತ 113 ಚದರ ಮಿ.ಮೀ., ಆದ್ದರಿಂದ ಬಿಗಿ 4 ಕೆ.ಜಿ.ಗೂ ಕಡಿಮೆ! ದಪ್ಪ ಬ್ಲೇಡು ಏಕೆ ಸೋತಿತು ಎಂಬುದಕ್ಕೆ ಇದೇ ಉತ್ತರ.

ತೂಕ ಏಕೆ ಕಡಿಮೆ ಇತ್ತು? ಯಾರೂ ಕದ್ದಿರಲಿಲ್ಲ. ಮಿಲ್ಲು ಹಾಕಿದಾಗ 3 ಇಂಚಿನ ಬ್ಲೇಡು ಬಳಸುತ್ತಿದ್ದರು. ಅದಕ್ಕೆ ಇದೇ 36 ಕೆ.ಜಿ. 7.6ರಷ್ಟು ಬಿಗಿ ಕೊಡುತ್ತಿತ್ತು, ಸಣ್ಣ ದಿಮ್ಮಿಗೆ ನಡೆಯುತ್ತಿತ್ತು. ಅಗಲದ ಬ್ಲೇಡಿಗೆ ಬದಲಾದಾಗ ಕಲ್ಲು ಹೆಚ್ಚಿಸಲಿಲ್ಲ.

ಲೆಕ್ಕವನ್ನು ನಂಬದವರಿಗೆ ಅಳೆಯುವ ದಾರಿಯೂ ಇದೆ. ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಳಚಿಟ್ಟು, ಬ್ಲೇಡಿನ ಮೇಲೆ 500 ಮಿ.ಮೀ. ಅಂತರದಲ್ಲಿ ಎರಡು ಚಿಮ್ಮಟ ಕಚ್ಚಿಸಬೇಕು. ಒಂದಕ್ಕೆ ಉದ್ದದ ಕಡ್ಡಿ, ಇನ್ನೊಂದಕ್ಕೆ ಡಯಲ್ ಗೇಜು. ಸನ್ನೆಯನ್ನು ಆಧಾರದ ಮೇಲೆ ಎತ್ತಿಟ್ಟು ಮುಳ್ಳನ್ನು ಸೊನ್ನೆಗೆ ತಂದು, ನಿಧಾನವಾಗಿ ಭಾರ ಬಿಡಬೇಕು. 10 ಕೆ.ಜಿ. ಬಿಗಿಗೆ ಮುಳ್ಳು 0.24 ಮಿ.ಮೀ. ಓಡಬೇಕು. ಇಲ್ಲಿ ಓಡಿದ್ದು 0.11. ಲೆಕ್ಕದ ಪ್ರಕಾರ 0.13 ಬರಬೇಕಿತ್ತು. ಆ ವ್ಯತ್ಯಾಸವೂ ಒಂದು ಸುಳಿವು: ಸನ್ನೆ ಕೂರುವ ಕತ್ತಿಯಂಚು ತುಕ್ಕು ಹಿಡಿದು, ಹೊಟ್ಟು ತುಂಬಿ, ಬಿಗಿದುಕೊಂಡಿತ್ತು.

ಇದು ಸಣ್ಣ ವಿಷಯವಲ್ಲ. ಕೊಯ್ಯುವಾಗ ಬ್ಲೇಡು ಕಾದು ಉದ್ದವಾಗುತ್ತದೆ. 20 ಅಡಿ ಬ್ಲೇಡು ಒಟ್ಟಾರೆ 20 ಡಿಗ್ರಿ ಕಾದರೆ ಒಂದೂವರೆ ಮಿ.ಮೀ. ಬೆಳೆಯುತ್ತದೆ. ಸನ್ನೆ ಸಲೀಸಾಗಿದ್ದರೆ ಕಲ್ಲು ಸುಮಾರು 22 ಮಿ.ಮೀ. ಇಳಿದು ಆ ಸಡಿಲವನ್ನು ಹೀರಿಕೊಳ್ಳುತ್ತದೆ, ಬಿಗಿ ಹಾಗೇ ಇರುತ್ತದೆ. ಸನ್ನೆ ಕಚ್ಚಿಕೊಂಡಿದ್ದರೆ ಪ್ರತಿ ಡಿಗ್ರಿಗೆ ಕಾಲು ಕೆ.ಜಿ.ಯಂತೆ 5 ಕೆ.ಜಿ. ಬಿಗಿ ಹೋಗುತ್ತದೆ. ತಿರುಪಿನಿಂದ ಬಿಗಿಮಾಡಿ ಸ್ಪ್ರಿಂಗ್ ಇಲ್ಲದೆ ಬಿಡುವ ಯಂತ್ರಗಳ ಹಣೆಬರಹವೂ ಇದೇ. ಬೆಳಿಗ್ಗೆ ಬೆರಳಿಂದ ತಟ್ಟಿದರೆ ತಂತಿಯಂತೆ ನಾದ, ಮಧ್ಯಾಹ್ನ ತಟ್ಟಿದರೆ ಬಟ್ಟೆ ಒಣಗಿಸುವ ಹಗ್ಗ.

ವೆಚ್ಚ: ಬಾಗಿದ ಚಕ್ರ, ಕಾದ ಅಂಚು

ಮೇಲಿನ ಚಕ್ರವನ್ನು ಮುಂದಕ್ಕೆ ಬಾಗಿಸಿದಾಗ ಬ್ಲೇಡು ಮುಂದೆ ಸರಿಯುವುದು ಕಣ್ಣಿಗೆ ಕಾಣುತ್ತದೆ. ಕಾಣದ್ದು ಇನ್ನೊಂದು. ಶಾಫ್ಟಿನ ಮುಂತುದಿ ತಗ್ಗುವುದರಿಂದ ಹಲ್ಲಿನ ಕಡೆ ಬ್ಲೇಡು ಸುತ್ತುವ ದಾರಿ ಗಿಡ್ಡವಾಗುತ್ತದೆ, ಬೆನ್ನಿನ ಕಡೆ ಉದ್ದವಾಗುತ್ತದೆ. ಮಟ್ಟಗೋಲು, ಫೀಲರ್ ಗೇಜು ಹಿಡಿದು ನೋಡಿದಾಗ ಬಾಗು 0.3 ಡಿಗ್ರಿ ಇತ್ತು. ಬರಿಗಣ್ಣಿಗೆ ತಿಳಿಯುವಷ್ಟೂ ಅಲ್ಲ. ಆದರೆ 4 ಇಂಚಿನ ಅಗಲಕ್ಕೆ ಅದು ಅರ್ಧ ಮಿ.ಮೀ. ಎತ್ತರದ ವ್ಯತ್ಯಾಸ, ಎರಡು ಕಾಲು ಸೇರಿ ಒಂದು ಮಿ.ಮೀ. 6,100 ಮಿ.ಮೀ. ಉದ್ದದ ಬ್ಲೇಡಿನಲ್ಲಿ ಇದು ಹಲ್ಲಿಗೂ ಬೆನ್ನಿಗೂ ನಡುವೆ 3.6 ಕೆ.ಜಿ. ತಾರತಮ್ಯ ತರುತ್ತದೆ. ಹಲ್ಲಿನ ಅಂಚು ಸರಾಸರಿಗಿಂತ 1.8 ಕೆ.ಜಿ. ಕಳೆದುಕೊಂಡಿತು.

ಇನ್ನು ಬಿಸಿ. ಬ್ಲೇಡು ನಿಲ್ಲಿಸಿದ ಕೂಡಲೇ ಅಂಚಿನಲ್ಲೂ ಬೆನ್ನಿನಲ್ಲೂ ಉಷ್ಣತೆ ನೋಡಿದಾಗ ವ್ಯತ್ಯಾಸ 15 ಡಿಗ್ರಿ. (ಗುರಿಯಿಟ್ಟು ನೋಡುವ ಉಷ್ಣಮಾಪಕ ಹೊಳೆಯುವ ಉಕ್ಕಿನ ಮೇಲೆ ಸುಳ್ಳು ಹೇಳುತ್ತದೆ. ಮೊದಲೇ ಕಪ್ಪು ಮಾರ್ಕರಿನಿಂದ ಪಟ್ಟಿ ಬಳಿದು ಅದರ ಮೇಲೆ ನೋಡಬೇಕು.) ಕಾದ ಅಂಚು ಹಿಗ್ಗಲು ನೋಡುತ್ತದೆ, ತಂಪಾದ ಬೆನ್ನು ಬಿಡುವುದಿಲ್ಲ. ಡಿಗ್ರಿಗೆ ಕಾಲು ಕೆ.ಜಿ.ಯಂತೆ 3.75 ಕೆ.ಜಿ. ಖೋತಾ.

ಈಗ ಕೂಡಿಸಿ ಕಳೆದು ನೋಡಿ. ಜಮೆ 5.5. ಬಾಗಿಗೆ 1.8 ಹೋಯಿತು, ಬಿಸಿಗೆ 3.75 ಹೋಯಿತು. ಹಲ್ಲಿನ ಅಂಚಿನಲ್ಲಿ ಉಳಿದದ್ದು ಸೊನ್ನೆ. ಬೆಳಿಗ್ಗೆ ಬಿಸಿಯ ವೆಚ್ಚ ಇನ್ನೂ ಬಿದ್ದಿಲ್ಲ, ಆದ್ದರಿಂದ ನಾಲ್ಕೈದು ಹಲಗೆ ನೇರ. ಹತ್ತೂವರೆಗೆ ಖಾತೆ ಬರಿದು. ಹಲಗೆಯ ತುದಿಗಳು ಸರಿಯಿದ್ದು ನಡುವೆ ಹೊಟ್ಟೆ ಬರುವುದೂ ಇದರಿಂದಲೇ. ದಿಮ್ಮಿಗೆ ಹೊಗುವಾಗ ಅಂಚು ಇನ್ನೂ ತಂಪು, ಒಳಗೆ ಹೋದಂತೆ ಕಾಯುತ್ತದೆ. ತುದಿಯಲ್ಲಿ ಟ್ರಾಲಿಯವನು ಕೈ ಸಡಿಲಿಸಿದಾಗ ಒತ್ತಡ ಇಳಿದು ಬ್ಲೇಡು ತನ್ನ ಜಾಗಕ್ಕೆ ಮರಳುತ್ತದೆ.

ಅಂಚು ಅಷ್ಟು ಕಾದದ್ದೇಕೆ

ನುಣ್ಣನೆಯ ಹೊಟ್ಟು ಒಂದು ಕಾರಣ, ಅದನ್ನು ಆಗಲೇ ನೋಡಿದೆವು. ಎರಡನೆಯದು ಹಲ್ಲಿನ ಸೆಟ್. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಬಾಗಿಸುವ ಈ ಬ್ಲೇಡಿನಲ್ಲಿ ಐವತ್ತು ಹಲ್ಲುಗಳನ್ನು ಗೇಜಿಟ್ಟು ನೋಡಿದಾಗ ಎಡಮಗ್ಗುಲಿನ ಸರಾಸರಿ 0.50 ಮಿ.ಮೀ., ಬಲದ್ದು 0.32. ಹೆಚ್ಚು ಬಾಗಿದ ಕಡೆಗೆ ಬ್ಲೇಡು ಎಳೆಯುತ್ತದೆ, ಕಡಿಮೆ ಬಾಗಿದ ಕಡೆ ಮೈ ಉಜ್ಜುತ್ತದೆ. ಬಲಮಗ್ಗುಲಿನಲ್ಲಿ ಕಂದು ಬಣ್ಣದ ಮೇಣದ ಪೊರೆ ಅಂಗೈ ಅಗಲಕ್ಕೆ ಮೆತ್ತಿಕೊಂಡದ್ದು ಅದಕ್ಕೆ ಸಾಕ್ಷಿ. ಸೆಟ್ ಕಟ್ಟುವಾಗ ಎರಡು ಕಡೆಯ ವ್ಯತ್ಯಾಸ 0.05 ಮೀರಬಾರದು. ಹಲ್ಲಿನ ಮೇಲಿನ ಮೂರನೇ ಒಂದು ಭಾಗವನ್ನಷ್ಟೇ ಬಾಗಿಸಬೇಕು. ಬುಡದಿಂದ ಬಾಗಿಸಿದರೆ ಕುಳಿಯ ಅಂಚು ತಿರುಚಿಕೊಳ್ಳುತ್ತದೆ. ಗಟ್ಟಿ ಹಲಸಿಗೆ 0.40, 0.45 ಸಾಕು. ಹಸಿ ಸಿಲ್ವರ್ ಓಕಿನ ನಾರು ಸಂದಿಗೆ ಉಬ್ಬಿ ಬರುವುದರಿಂದ ಅದಕ್ಕೆ 0.50, 0.55.

ಸಾಣೆಯೂ ತನ್ನ ಪಾಲಿನ ಕೇಡು ಮಾಡಿತ್ತು. ಕೆಲವು ಕುಳಿಗಳ ತಳ ನೀಲಿ. ಸಾಣೆಕಲ್ಲನ್ನು ಒತ್ತಿ ಹಿಡಿದದ್ದರಿಂದ ಉಕ್ಕು ಸುಟ್ಟ ಗುರುತು ಅದು. ಸುಟ್ಟ ಜಾಗ ಗಡುಸಾಗಿ ಬಿರುಕಿಗೆ ಬಾಯಿ ತೆರೆಯುತ್ತದೆ, ಜೊತೆಗೆ ಅಂಚಿನ ಉದ್ದವೂ ಬದಲಾಗುತ್ತದೆ. ಒಂದೇ ಸಲ ಆಳಕ್ಕೆ ಹಿಡಿಯುವ ಬದಲು ಹಗುರವಾಗಿ ಮೂರು ನಾಲ್ಕು ಸುತ್ತು ಹಿಡಿಯಬೇಕು. ಕೊನೆಯ ಸುತ್ತು ಬರೀ ಮುಟ್ಟಿ ಹೋಗುವಂತಿರಬೇಕು, ಆಗ ಹಲ್ಲಿನ ಒಂದು ಮಗ್ಗುಲಿಗೆ ಏಳುವ ಚೂರು ಅಂಚೂ ಹೋಗುತ್ತದೆ.

ಗೈಡುಗಳ ವಿಚಾರ. ಮೇಲಿನ ಗೈಡನ್ನು ಅತಿ ದಪ್ಪ ದಿಮ್ಮಿಗೆಂದು ಎತ್ತಿ ಕಟ್ಟಿ ಹಾಗೇ ಬಿಟ್ಟಿದ್ದರು. ಕೆಳಗಿನದಕ್ಕೂ ಮೇಲಿನದಕ್ಕೂ ನಡುವೆ 900 ಮಿ.ಮೀ., ಕೊಯ್ಯುತ್ತಿದ್ದ ದಿಮ್ಮಿ 450. ಎಳೆದ ತಂತಿಯ ಹಾಗೆ ಲೆಕ್ಕ ಹಾಕಿದರೂ ಅಂತರ ಅರ್ಧವಾದರೆ ಮಗ್ಗುಲಿಗೆ ಬಾಗದಿರುವ ಶಕ್ತಿ ಇಮ್ಮಡಿ. ತೊಲೆಯ ಹಾಗೆ ಲೆಕ್ಕ ಹಾಕಿದರೆ ಎಂಟು ಪಟ್ಟು. ಬ್ಲೇಡು ಇವೆರಡರ ನಡುವಿನ ಪ್ರಾಣಿ. ಹೇಗೆ ನೋಡಿದರೂ ಗೈಡನ್ನು ದಿಮ್ಮಿಯ ನೆತ್ತಿಗಿಂತ 40, 50 ಮಿ.ಮೀ. ಮೇಲೆ ತಂದು ನಿಲ್ಲಿಸುವುದು ಖರ್ಚಿಲ್ಲದ ಲಾಭ. ಮರದ ಗೈಡು ಕಟ್ಟೆಗಳು ಸವೆದು 2 ಮಿ.ಮೀ. ತೋಡು ಬಿದ್ದಿತ್ತು. ಅದನ್ನು ಸರಿದೂಗಿಸಲು ಒಂದು ಕಡೆಯ ಕಟ್ಟೆಯನ್ನು ಬ್ಲೇಡಿಗೆ ಅಪ್ಪಚ್ಚಿಯಾಗುವಂತೆ ಒತ್ತಿದ್ದರು. ಇದೂ ಬಿಸಿಯ ಮೂಲವೇ. ಗೈಡು ಬ್ಲೇಡನ್ನು ಹಿಡಿಯಬಾರದು, ಪಕ್ಕದಲ್ಲಿ ಕಾವಲು ನಿಲ್ಲಬೇಕು: ಒಂದು ಹಾಳೆ ಕಾಗದ ತೂರುವಷ್ಟು, 0.1 ಮಿ.ಮೀ. ಸಂದು. ಕಟ್ಟೆಯ ಮುಂಭಾಗ ಕುಳಿಯ ತಳಕ್ಕಿಂತ ಹಿಂದೆಯೇ ಇರಬೇಕು, ಇಲ್ಲದಿದ್ದರೆ ಸೆಟ್ಟೆಲ್ಲ ಅಲ್ಲೇ ಸವೆಯುತ್ತದೆ.

ಹಲಗೆಯ ಮೇಲಿನ ಗೆರೆ ಓದುವುದು

ಹೊಟ್ಟೆಯಲ್ಲದೆ ಹಲಗೆಯ ಮೈಮೇಲೆ ಅಡ್ಡಗೆರೆಗಳೂ ಬೀಳುತ್ತಿದ್ದವು. ಗೆರೆ ಬಿದ್ದರೆ ಕೆಲವರು ಬ್ಲೇಡಿನ ಬೆಸುಗೆಯನ್ನು ಬಯ್ಯುತ್ತಾರೆ, ಕೆಲವರು ಬೇರಿಂಗನ್ನು. ಟ್ರಾಲಿಯ ವೇಗ ಗೊತ್ತಿದ್ದರೆ ಬಯ್ಯುವ ಮೊದಲು ಅಳೆಯಬಹುದು. ನಿಮಿಷಕ್ಕೆ 12 ಮೀಟರ್ ಎಂದರೆ ಸೆಕೆಂಡಿಗೆ 200 ಮಿ.ಮೀ. ಚಕ್ರ ಸೆಕೆಂಡಿಗೆ 10 ಸುತ್ತು ಹಾಕುತ್ತದೆ. ಚಕ್ರದ ದೋಷವಾದರೆ ಗೆರೆಗಳ ಅಂತರ 20 ಮಿ.ಮೀ. ಬ್ಲೇಡು ಒಂದು ಪೂರ್ತಿ ಸುತ್ತು ಬರಲು 0.21 ಸೆಕೆಂಡು ಬೇಕು. ಬೆಸುಗೆ ಅಥವಾ ಯಾವುದೋ ಒಂದು ಹಲ್ಲಿನ ದೋಷವಾದರೆ 42 ಮಿ.ಮೀ. ಇದಕ್ಕಾಗಿಯೇ ಒಂದು ಹಲಗೆಯನ್ನು ವೇಗ ಏರಿಳಿಯದಂತೆ ತಳ್ಳಿ, ಗಡಿಯಾರ ಹಿಡಿದು ಕೊಯ್ದರು. ಸ್ಕೇಲಿಟ್ಟಾಗ ಗೆರೆಗಳು 20ಕ್ಕೆ ಸರಿಯಾಗಿ ಕೂತವು.

ಕೆಳಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ನೋಡಿದರೆ ಒಂದು ಕಡೆ ಮೇಣ, ಹೊಟ್ಟು ಸೇರಿ ಕಲ್ಲಿನಂತಾದ ಹೆಪ್ಪು, ದಪ್ಪ 0.4 ಮಿ.ಮೀ. ಪ್ರತಿ ಸುತ್ತಿಗೂ ಬ್ಲೇಡು ಅದರ ಮೇಲೆ ಹತ್ತಿ ಇಳಿಯುತ್ತಿತ್ತು. ಕೆರೆಯುವ ಪಟ್ಟಿ ಸವೆದು ಚಕ್ರದಿಂದ ದೂರ ನಿಂತಿದ್ದೇ ಕಾರಣ. ಹಲಸಿನ ಹಣ್ಣು ಬಿಡಿಸಲು ಕೂರುವವರು ಮೊದಲು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ. ಹಸಿ ಹಲಸು ಕೊಯ್ಯುವ ಬ್ಲೇಡಿಗೂ ಅದೇ ನ್ಯಾಯ. ಸೀಮೆಎಣ್ಣೆ ಅಥವಾ ಡೀಸೆಲ್ ನೆನೆಸಿದ ಕಂಬಳಿ ತುಂಡನ್ನು ಗೈಡಿನ ಮೇಲ್ಗಡೆ ಬ್ಲೇಡಿನ ಎರಡು ಮೈಗೂ ತಾಗುವಂತೆ ಕಟ್ಟಬೇಕು, ಹನಿ ಹನಿಯಾಗಿ ಬೀಳಬೇಕು. ಸುರಿದರೆ ಹೊಟ್ಟು ಅಂಟಾಗಿ ಮತ್ತೆ ಚಕ್ರಕ್ಕೇ ಮೆತ್ತುತ್ತದೆ, ಬೆಂಕಿಯ ಭಯ ಬೇರೆ.

ಬೆಸುಗೆ ಈ ಪ್ರಕರಣದಲ್ಲಿ ನಿರಪರಾಧಿ. ಆದರೂ ಬ್ಯಾಂಡ್‌ಸಾದ ಇತಿಹಾಸದಲ್ಲಿ ಅದೇ ದೊಡ್ಡ ತೊಡಕು. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 19ನೇ ಶತಮಾನದ ಮೊದಲ ದಶಕದಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಬಾಗಿ ಬಾಗಿಯೂ ಮುರಿಯದ ಬೆಸುಗೆ ಯಾರಿಗೂ ಬರದೆ ಯಂತ್ರ ದಶಕಗಳ ಕಾಲ ಮೂಲೆ ಸೇರಿತು. ಫ್ರಾನ್ಸಿನ ಆನ್ ಪೌಲಿನ್ ಕ್ರೆಪಾಂ 1846ರಲ್ಲಿ ಬೆಸೆಯುವ ಬಗೆಗೆ ಪೇಟೆಂಟ್ ಪಡೆದ ಮೇಲೆಯೇ ಅದಕ್ಕೆ ಜೀವ ಬಂದದ್ದು.

ಚಕ್ರದ ಮೈಯನ್ನು ಉಕ್ಕಿನ ಪಟ್ಟಿಯಿಟ್ಟು ನೋಡಿದಾಗ ನಡುವೆ 0.1 ಮಿ.ಮೀ. ಸವೆತವಿತ್ತು, ಸದ್ಯಕ್ಕೆ ಬಿಟ್ಟರು. ಟ್ರಾಲಿಯ ಹಳಿ ಬ್ಲೇಡಿಗೆ ಸಮಾನಾಂತರವಾಗಿಯೇ ಇತ್ತು.

ಬ್ಲೇಡಿನೊಳಗಿನ ಬಿಗಿ

ತೂಕದಿಂದ ಬರುವ ಬಿಗಿಯಲ್ಲದೆ ಇನ್ನೊಂದು ಬಿಗಿ ಇದೆ. ಅದು ಬ್ಲೇಡಿನೊಳಗೇ ಕೂತಿರುತ್ತದೆ, ಹೊಸ ಬ್ಲೇಡು ಅದರ ಸಮೇತ ಬರುತ್ತದೆ. ಎರಡು ಉರುಳೆಗಳ ನಡುವೆ ಬ್ಲೇಡಿನ ನಡುಭಾಗವನ್ನು ಒತ್ತಿ ಓಡಿಸಿದರೆ ಅಲ್ಲಿನ ಉಕ್ಕು ಕೂದಲಷ್ಟು ಉದ್ದವಾಗುತ್ತದೆ. ನಡು ಉದ್ದವಾದರೆ ಎರಡು ಅಂಚುಗಳೂ ತಾವಾಗಿಯೇ ಬಿಗಿಯಾಗುತ್ತವೆ. ಮುಂದೆ ಅಂಚು ಕಾದು ಹಿಗ್ಗಿದಾಗ ಕಳೆಯಲು ಈ ಇಡುಗಂಟು ಇರುತ್ತದೆ. ಸಾಣೆ, ಸೆಟ್, ಬಿಸಿ, ಮೊಳೆಯ ಪೆಟ್ಟು ಎಲ್ಲವೂ ಸೇರಿ ಇದನ್ನು ನಿಧಾನವಾಗಿ ಕರಗಿಸುತ್ತವೆ.

ಪರೀಕ್ಷೆ ಹೀಗೆ. ಬ್ಲೇಡನ್ನು ಉದ್ದ ಮೇಜಿನ ಮೇಲೆ ಹಾಕಿ, ಒಂದು ಭಾಗವನ್ನು ಎತ್ತಿ ಬಾಗಿಸಿ, ಬಾಗಿದಲ್ಲಿ ಅಡ್ಡಕ್ಕೆ ಉಕ್ಕಿನ ಪಟ್ಟಿಯಿಡಬೇಕು. ಹಿಂದಿನಿಂದ ಬೆಳಕು ಬಿಟ್ಟಾಗ ಎರಡು ಅಂಚು ತಾಗಿ ನಡುವೆ ಕೂದಲೆಳೆ ಬೆಳಕು ಕಂಡರೆ ಬಿಗಿ ಇದೆ. ಈ ಬ್ಲೇಡಿನಲ್ಲಿ ಬೆಳಕೇ ಕಾಣಲಿಲ್ಲ. ಮೂರು ಕಡೆ ಪಟ್ಟಿಯೇ ತೂಗಾಡಿತು. ನಡು ಬಿಗಿ, ಅಂಚು ಸಡಿಲ, ಎಲ್ಲ ತಲೆಕೆಳಗು. ಇಂಥ ಬ್ಲೇಡಿಗೆ ಎಷ್ಟು ಹರಿತ ಕೊಟ್ಟರೂ ಕೊಯ್ತ ನೇರ ಬಾರದು.

ಉರುಳೆ ಯಂತ್ರ ಮಿಲ್ಲಿನಲ್ಲಿ ಇರಲಿಲ್ಲ. ಪಟ್ಟಣದ ಬ್ಲೇಡು ರಿಪೇರಿ ಅಂಗಡಿಗೆ ಕಳಿಸಿ ಮಾಡಿಸಿದ ಕೆಲಸ ಇಷ್ಟು: ಮೊದಲು ಉಬ್ಬು ತಗ್ಗುಗಳನ್ನು ಅಡಿಗಲ್ಲಿನ ಮೇಲೆ ತಟ್ಟಿ ಮಟ್ಟ ಮಾಡುವುದು. ಆಮೇಲೆ ನಡುವಿನಿಂದ ಶುರುಮಾಡಿ 12 ಮಿ.ಮೀ. ಬಿಟ್ಟು ಬಿಟ್ಟು ಉರುಳೆ ಓಡಿಸುವುದು, ಅಂಚಿನ ಕಡೆ ಹೋದಂತೆ ಒತ್ತಡ ಇಳಿಸುವುದು, ಕುಳಿಯಿಂದ 20 ಮಿ.ಮೀ. ಒಳಗೇ ನಿಲ್ಲಿಸುವುದು. ಕೊನೆಗೆ ಬೆನ್ನಿನ ಕಡೆ ಸ್ವಲ್ಪ ಹೆಚ್ಚು ಓಡಿಸಿ, ಒಂದೂವರೆ ಮೀಟರ್ ಪಟ್ಟಿಗೆ 0.4 ಮಿ.ಮೀ. ಬೆನ್ನುಬ್ಬು ತರುವುದು. ಬೆನ್ನು ಉದ್ದವಾದಾಗ ಸಮನಾದ ಚಕ್ರದ ಮೇಲೆ ಹಲ್ಲಿನ ಅಂಚಿಗೇ ಹೆಚ್ಚು ಎಳೆತ ಸಿಗುತ್ತದೆ. ನೀಲಿಗಟ್ಟಿದ ಕುಳಿಗಳನ್ನು ಸುಟ್ಟ ಪದರ ಹೋಗುವವರೆಗೆ ತೇಯಿಸಿದರು. 18 ಗೇಜಿನ ಬ್ಲೇಡು ಗುಜರಿಗೆ ಹೋಯಿತು.

ಬಡಗಿ ಅಂಗಡಿಯ ಸಣ್ಣ ಬ್ಯಾಂಡ್‌ಸಾಗೆ ಈ ಉರುಳೆಯ ಕೆಲಸ ಅನ್ವಯಿಸುವುದಿಲ್ಲ. ಅರ್ಧ ಇಂಚಿನ ಬ್ಲೇಡಿಗೆ ರಬ್ಬರು ಸುತ್ತಿದ, ನಡುವೆ ಉಬ್ಬಿರುವ ಚಕ್ರ. ಅಲ್ಲಿ ಬ್ಲೇಡು ದಾರಿಯಲ್ಲಿ ನಿಲ್ಲುವುದು ಉಬ್ಬನ್ನು ಹತ್ತುವ ಗುಣದಿಂದ. ಬಿಗಿ, ಸಮನಾದ ಸೆಟ್, ಗೈಡಿನ ಅಂತರ ಮಾತ್ರ ಅಲ್ಲಿಗೂ ಇಲ್ಲಿಗೂ ಒಂದೇ.

ಜೋಡಿಸಿದ ಕ್ರಮ

ಕ್ರಮ ತಪ್ಪಿದರೆ ಮಾಡಿದ ಕೆಲಸ ಎರಡು ಸಲ ಮಾಡಬೇಕಾಗುತ್ತದೆ. ಮೊದಲು ಚಕ್ರಗಳ ಹೆಪ್ಪು ಕೆರೆದು, ಕೆರೆಯುವ ಪಟ್ಟಿ ಹೊಸದು ಹಾಕಿದರು. ಸನ್ನೆಯ ಕತ್ತಿಯಂಚು ಬಿಚ್ಚಿ ತುಕ್ಕು ತೇದು ಗ್ರೀಸು ಹಾಕಿ, ಬೆರಳಿಂದ ಒತ್ತಿದರೆ ಸನ್ನೆ ಆಡುವಂತೆ ಮಾಡಿದರು. ಮೇಲಿನ ಚಕ್ರದ ಬಾಗನ್ನು ಸೊನ್ನೆಗೆ ತಂದರು. ಬ್ಲೇಡು ಏರಿಸಿ (ಸುರುಳಿ ಬಿಚ್ಚುವಾಗ ಚರ್ಮದ ಕೈಗವಸು, ಇಬ್ಬರು ಆಳು) ಕಲ್ಲುಗಳನ್ನು 60 ಕೆ.ಜಿ.ಗೆ ಏರಿಸಿದರು. 60ಕ್ಕೆ 30 ಪಟ್ಟು 1,800, ಚಕ್ರದ 180 ಕಳೆದು 1,620, ಒಂದು ಕಾಲಿಗೆ 810, ಚದರ ಮಿ.ಮೀ.ಗೆ 10. ಡಯಲ್ ಗೇಜು 0.23 ತೋರಿಸಿತು.

ಚಕ್ರವನ್ನು ಕೈಯಲ್ಲಿ ಹತ್ತು ಸುತ್ತು ತಿರುಗಿಸಿ ಬ್ಲೇಡು ಎಲ್ಲಿ ನಿಲ್ಲುತ್ತದೆ ನೋಡಿ, ಕುಳಿಯ ತಳ 4 ಮಿ.ಮೀ. ಆಚೆ ಇರುವಂತೆ ತಿರುಪಿನಲ್ಲಿ ಕೂದಲೆಳೆಯಷ್ಟು ಸರಿಪಡಿಸಿದರು. ಗೈಡುಗಳ ಸರದಿ ಕೊನೆಗೆ. ಬಿಗಿ ಕೊಡುವ ಮೊದಲೇ ಗೈಡು ಕೂರಿಸಿದರೆ ಬ್ಲೇಡು ಗೈಡು ಹೇಳಿದ ಕಡೆ ನಿಲ್ಲುತ್ತದೆ, ತನ್ನ ಜಾಗದಲ್ಲಿ ಅಲ್ಲ. ಹೊಸ ಕಟ್ಟೆಗಳನ್ನು ಎಣ್ಣೆಯಲ್ಲಿ ನೆನೆಸಿ, ಕಾಗದ ಇಟ್ಟು ಕೂರಿಸಿ, ಕಾಗದ ತೆಗೆದರು. ಬೆನ್ನಿನ ಉರುಳೆಗೂ ಬ್ಲೇಡಿಗೂ ಖಾಲಿ ಓಡುವಾಗ 1 ಮಿ.ಮೀ. ಸಂದು.

ತಳ್ಳುವ ವೇಗಕ್ಕೆ ಎರಡು ಗಡಿ. ಕೆಳಗಿನ ಗಡಿಯನ್ನು ನುಣ್ಣನೆ ಹೊಟ್ಟು ಹೇಳುತ್ತದೆ, ಮೇಲಿನದನ್ನು ಕುಳಿಯ ಹೊಟ್ಟೆ. ಈ ಹಲ್ಲಿನ ಕುಳಿಗೆ ಸುಮಾರು 190 ಚದರ ಮಿ.ಮೀ. ಜಾಗ. 12 ಮೀಟರ್ ವೇಗದಲ್ಲಿ ಹಲ್ಲಿಗೆ 0.22 ಮಿ.ಮೀ., ದಿಮ್ಮಿಯ ಆಳ 450, ಗುಣಿಸಿದರೆ 100 ಚದರ ಮಿ.ಮೀ. ಗಟ್ಟಿ ಮರ. ಕುಳಿಯ ಅರ್ಧದಷ್ಟು. ಮರ ಹೊಟ್ಟಾದಾಗ ಉಬ್ಬುವುದರಿಂದ ಮುಕ್ಕಾಲರ ಒಳಗೇ ಇರಬೇಕು. 20 ಮೀಟರಿಗೆ ತಳ್ಳಿದರೆ 167, ಕುಳಿ ಗಂಟಲವರೆಗೆ ತುಂಬಿ ಬ್ಲೇಡು ಹಿಂದಕ್ಕೂ ಮಗ್ಗುಲಿಗೂ ಒದೆಯುತ್ತದೆ. ಕೈಟ್ರಾಲಿಗೆ ಮೀಟರು ಇರುವುದಿಲ್ಲ. ಎಂಟಡಿ ದಿಮ್ಮಿ 12 ಸೆಕೆಂಡಿನಲ್ಲಿ ದಾಟಿದರೆ ಸರಿ ಎಂದು ಟ್ರಾಲಿಯವನಿಗೆ ಎಣಿಕೆ ಕಲಿಸಿದರು. ದಿಮ್ಮಿ 10 ಇಂಚಾದರೆ 8 ಸೆಕೆಂಡು.

ಆಮೇಲೆ

ಮೊದಲ ದಿನ ಎರಡು ಗಂಟೆ ನಿಲ್ಲಿಸದೆ ಹಲಸು ಕೊಯ್ದ ಮೇಲೆ ಅಂಚಿಗೂ ಬೆನ್ನಿಗೂ ಉಷ್ಣತೆಯ ವ್ಯತ್ಯಾಸ 7 ಡಿಗ್ರಿ. ಅಂದರೆ 10ರ ಜಮೆಯಲ್ಲಿ ಬಿಸಿಯ ವೆಚ್ಚ 1.75. ಹನ್ನೆರಡು ಹಲಗೆಗಳಲ್ಲಿ ಅಳೆದಾಗ ದಪ್ಪ 24.5ರಿಂದ 26 ಮಿ.ಮೀ. ಒಳಗೆ ಬಂತು. 20 ಮಿ.ಮೀ. ಅಂತರದ ಗೆರೆಗಳು ಮಾಯ.

ಒಂದು ದೂರು ಉಳಿಯಿತು. ಕೆಲವು ಸಿಲ್ವರ್ ಓಕ್ ಹಲಗೆಗಳು ದಿಮ್ಮಿಯಿಂದ ಬಿಡುವಾಗಲೇ ಬಿಲ್ಲಿನಂತೆ ಬಾಗುತ್ತಿದ್ದವು. ಅವುಗಳ ದಪ್ಪ ಅಳೆದರೆ ಉದ್ದಕ್ಕೂ ಒಂದೇ. ದಪ್ಪ ಒಂದೇ ಇದ್ದು ಹಲಗೆ ಬಾಗಿದರೆ ಅದು ಬ್ಲೇಡಿನ ತಪ್ಪಲ್ಲ. ಬೆಳೆಯುವಾಗ ಮರದೊಳಗೆ ಸೇರಿಕೊಂಡ ಎಳೆತ ಕೊಯ್ದಾಗ ಬಿಡುಗಡೆಯಾಗುತ್ತದೆ. ಅದಕ್ಕೆ ಒಂದೇ ಮಗ್ಗುಲಿಂದ ಹಲಗೆ ಬಿಡಿಸುತ್ತಾ ಹೋಗದೆ, ದಿಮ್ಮಿಯನ್ನು ತಿರುಗಿಸಿ ಎದುರುಬದುರಿನ ಮಗ್ಗುಲಿಂದ ಸರದಿಯಂತೆ ಕೊಯ್ಯಬೇಕು.

ಸಾಣೆ ಹಿಡಿದಂತೆ ಬ್ಲೇಡಿನ ಅಗಲ ಸವೆಯುತ್ತದೆ, ಅಷ್ಟೇ ಕಲ್ಲು ತೂಗಿದರೆ ಬಿಗಿ ಅಳತೆ ಮೀರಿ ಕುಳಿ ಬಿರಿಯುತ್ತದೆ. ಹಾಗಾಗಿ ಸನ್ನೆಯ ಪಕ್ಕದ ಕಂಬಕ್ಕೆ ಬಿಳಿ ಬಣ್ಣ ಬಳಿದು ಮೂರು ಸಾಲು ಬರೆದರು: 4 ಇಂಚಿಗೆ 60 ಕೆ.ಜಿ., 3½ ಇಂಚಿಗೆ 53, 3 ಇಂಚಿಗೆ 45. ಅದರ ಕೆಳಗೆ ಸೀಮೆಸುಣ್ಣದಲ್ಲಿ ಈಗ ಏರಿಸಿರುವ ಬ್ಲೇಡಿನ ಅಗಲ, ಪ್ರತಿ ಸೋಮವಾರ ಅಳೆದು ತಿದ್ದುವುದು.